ಪೊಲೀಸರ ಮೇಲಿನ ದೂರು ಯಾರ ಬಳಿ ಹೇಳುವುದು?

'ಪೊಲೀಸರ ಮೇಲೆ ಕಂಪ್ಲೇಂಟ್ ಕೊಡ್ಲಿಕ್ಕೂ ಪೊಲೀಸ್ ಸ್ಟೇಷನ್‌ಗೇ ಹೋಗ್ಬೇಕಲ್ಲ?' ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ನಮ್ಮವರು ಈ ಮಾತನ್ನು ತಮಾಷೆಯಾಗಿ ಹೇಳುತ್ತಾರೆ. ಆದರೆ ಅದು ತಮಾಷೆಯಲ್ಲ. ಘಟ್ಟ ಹತ್ತಿ ಬಂದು ಮೀನು, ಅಡಿಕೆ, ಗುಜರಿ, ಬಟ್ಟೆ ವ್ಯಾಪಾರದಲ್ಲಿ ಬದುಕು ಕಟ್ಟಿಕೊಂಡ ಬ್ಯಾರಿಗಳು ದಿನ ಬೆಳಗಾದರೆ ರಸ್ತೆಯಲ್ಲೇ ಇರುವವರು. ಚೆಕ್‌ಪೋಸ್ಟ್ ದಾಟದೆ ನಮ್ಮ ವ್ಯಾಪಾರವಿಲ್ಲ. ಹಾಗಿರುವಾಗ ಪೊಲೀಸರೊಂದಿಗಿನ ಸಂಬಂಧ ಸರಿಯಿರಬೇಕು ಎಂಬುದು ನಮಗೆ ಹೊಟ್ಟೆಪಾಡಿನ ವಿಷಯ. ಆ ಕಾರಣಕ್ಕೇ ಅನ್ಯಾಯವಾದಾಗ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಬಾಯಿ ಮುಚ್ಚಿಕೊಂಡರೆ ಸಂಬಂಧ ಸರಿಯಾಗುತ್ತದೆಯೇ? ನಮ್ಮ ಅನುಭವ ಹಾಗೆ ಹೇಳುವುದಿಲ್ಲ.

ಶೃಂಗೇರಿ ತಾಲೂಕಿನ ತನಿಕೋಡು ಚೆಕ್‌ಪೋಸ್ಟ್ ಹೆಸರು ಕೇಳಿದರೆ ನಮ್ಮ ಹಿರಿಯರಿಗೆ ಇವತ್ತಿಗೂ ನೆನಪಾಗುವುದು ಒಂದೇ ಘಟನೆ. 2014ರ ಎಪ್ರಿಲ್ 19ರಂದು ದನ ಸಾಗಿಸುತ್ತಿದ್ದ ವಾಹನದಲ್ಲಿದ್ದ ದಕ್ಷಿಣ ಕನ್ನಡದ ಯುವಕನೊಬ್ಬ ಅಲ್ಲಿ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯ ಗುಂಡಿಗೆ ಬಲಿಯಾದ. ಆತ ನಮ್ಮವನೇ ಆಗಿದ್ದ. ದನ ಸಾಗಿಸಿದ್ದು ಕಾನೂನುಬಾಹಿರ ಅಂತಲೇ ಇಟ್ಟುಕೊಳ್ಳೋಣ. ಅದಕ್ಕೆ ಕೇಸು ಇದೆ, ಕೋರ್ಟ್ ಇದೆ, ಶಿಕ್ಷೆ ಇದೆ. ಚೆಕ್‌ಪೋಸ್ಟ್‌ನಲ್ಲಿ ಗುಂಡು ಎಂಬ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ. ಆಗ ಪ್ರತಿಭಟನೆಗಳಾದವು, ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಆದರೆ ಸಿಐಡಿ ಎಂದರೂ ಪೊಲೀಸ್ ಇಲಾಖೆಯೇ ಅಲ್ಲವೇ? ಖಾಕಿ ತೊಟ್ಟವರ ತಪ್ಪನ್ನು ಖಾಕಿ ತೊಟ್ಟವರೇ ತೂಗಿದರೆ, ತೂಕ ಸರಿಯಾಗಿದ್ದರೂ ಜನ ನಂಬುವುದಿಲ್ಲ. ಅಂಗಡಿಯವನ ತಕ್ಕಡಿಯನ್ನು ಅಂಗಡಿಯವನೇ ಪರೀಕ್ಷೆ ಮಾಡಿದ ಹಾಗೆ.

ಇದು ಬ್ಯಾರಿಗಳ ದುಃಖ ಮಾತ್ರವಲ್ಲ. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ಒಬ್ಬ ದಲಿತ ಯುವಕನಿಗೆ ಮೂತ್ರ ಕುಡಿಸಿದ ಆರೋಪ ಕೇಳಿಬಂತು. ಆತ ಸುಮ್ಮನಿರಲಿಲ್ಲ, ಮೇಲಿನವರಿಗೆ ಲಿಖಿತವಾಗಿ ದೂರು ಕೊಟ್ಟ. ಪಿಎಸ್‌ಐ ಅಮಾನತಾದರು, ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು, ತನಿಖೆ ಸಿಐಡಿಗೆ ಹೋಯಿತು, ಬಂಧನವೂ ಆಯಿತು. 2023ರ ನವೆಂಬರ್ 30ರಂದು ಚಿಕ್ಕಮಗಳೂರು ನಗರದಲ್ಲಿ ಹೆಲ್ಮೆಟ್ ವಿಚಾರಕ್ಕೆ ಶುರುವಾದ ಜಗಳ ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆ ನಡೆದ ಆರೋಪದವರೆಗೆ ಹೋಯಿತು. ವಕೀಲರು ರಾಜ್ಯದಾದ್ಯಂತ ಬೀದಿಗಿಳಿದರು, ಪೊಲೀಸರು ಅಮಾನತಾದರು, ಹೈಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಅದಾದ ಮೇಲೆ ಪೊಲೀಸರು ಮತ್ತು ಅವರ ಮನೆಯವರೂ ತಮಗೆ ಅನ್ಯಾಯವಾಗಿದೆ ಎಂದು ಬೀದಿಗೆ ಬಂದರು.

ಈ ಕೊನೆಯ ಘಟನೆಯನ್ನು ನಾವು ಸರಿಯಾಗಿ ನೋಡಬೇಕು. ವಕೀಲರಿಗೆ ಸಂಘ ಇತ್ತು, ಪೊಲೀಸರ ಹಿಂದೆ ಅವರ ಜನ ಇದ್ದರು. ಎರಡೂ ಕಡೆಯವರು ಬೀದಿಯಲ್ಲಿ ಬಲ ತೋರಿಸಬೇಕಾಯಿತು. ಯಾಕೆ? ಎರಡೂ ಕಡೆಯವರು ನಂಬಿ 'ನೀವೇ ಹೇಳಿ, ಯಾರದ್ದು ತಪ್ಪು' ಎಂದು ಕೇಳಬಹುದಾದ ಒಂದು ಮೂರನೇ ಕಟ್ಟೆ ಜಿಲ್ಲೆಯಲ್ಲಿ ಜನರ ಕಣ್ಣಿಗೆ ಕಾಣುವಂತೆ ಇರಲಿಲ್ಲ. ಸಂಘ ಇದ್ದವರಿಗೆ ಬೀದಿಯಾದರೂ ಇದೆ. ಜಯಪುರದ ಪಿಕಪ್ ಡ್ರೈವರ್‌ಗೆ, ಬಾಳೆಹೊನ್ನೂರಿನ ತೋಟಕ್ಕೆ ಕೂಲಿಗೆ ಬಂದ ಅಸ್ಸಾಮಿನ ಹುಡುಗನಿಗೆ, ಕಾಡಂಚಿನ ಆದಿವಾಸಿಗೆ ಏನಿದೆ?

ಆ ಮೂರನೇ ಕಟ್ಟೆ ಕಾನೂನಿನಲ್ಲಿ ಇದೆ ಎಂಬುದೇ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. 2006ರ ಸೆಪ್ಟಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನಗಳನ್ನು ಕೊಟ್ಟಿತು. ಪ್ರಕಾಶ್ ಸಿಂಗ್ ಸ್ವತಃ ಉತ್ತರ ಪ್ರದೇಶದ ಡಿಜಿಪಿ ಆಗಿದ್ದವರು ಎಂಬುದನ್ನು ಮರೆಯಬಾರದು. ಪೊಲೀಸ್ ಇಲಾಖೆಯನ್ನು ಸರಿಪಡಿಸಿ ಎಂದು ಕೋರ್ಟಿಗೆ ಹೋದದ್ದು ಪೊಲೀಸರ ಶತ್ರುವಲ್ಲ, ಪೊಲೀಸರ ಮೇಲಧಿಕಾರಿಯೇ. ಆ ಏಳರಲ್ಲಿ ಒಂದು ಪೊಲೀಸ್ ದೂರು ಪ್ರಾಧಿಕಾರ. ರಾಜ್ಯ ಮಟ್ಟದಲ್ಲಿ ಒಂದು, ಪ್ರತಿ ಜಿಲ್ಲೆಗೆ ಒಂದು. ಎಸ್‌ಪಿ ಮತ್ತು ಅವರ ಮೇಲಿನವರ ವಿರುದ್ಧದ ದೂರು ರಾಜ್ಯಕ್ಕೆ, ಡಿವೈಎಸ್‌ಪಿವರೆಗಿನವರ ವಿರುದ್ಧದ್ದು ಜಿಲ್ಲೆಗೆ. ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ ಮಾತ್ರವಲ್ಲ, ಸುಲಿಗೆ, ಜಾಗ-ಮನೆ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗ ಕೂಡ ಜಿಲ್ಲಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ಜಿಲ್ಲೆಯಲ್ಲಿ ಅಧ್ಯಕ್ಷರಾಗಬೇಕಾದವರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ತಪ್ಪು ಮಾಡಿದ ಪೊಲೀಸರ ಮೇಲೆ ಪ್ರಾಧಿಕಾರ ಮಾಡಿದ ಶಿಫಾರಸು ಸರಕಾರವನ್ನು ಕಟ್ಟಿಹಾಕಬೇಕು ಎಂದೂ ಕೋರ್ಟ್ ಹೇಳಿತು.

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಗಳನ್ನು ಕಾನೂನಿಗೆ ಸೇರಿಸಿತು. ಕಾನೂನಿಗೆ ಸೇರಿದ್ದು ನಮ್ಮ ಊರಿಗೆ ತಲುಪಿದೆಯಾ? ಮೂರು ತಾಲೂಕಿನಲ್ಲಿ ಹತ್ತು ಜನರನ್ನು ನಿಲ್ಲಿಸಿ 'ಪೊಲೀಸ್ ದೂರು ಪ್ರಾಧಿಕಾರ ಎಲ್ಲಿದೆ?' ಅಂತ ಕೇಳಿ ನೋಡಿ. ಎಸ್‌ಪಿ ಆಫೀಸ್ ಅಂತಾರೆ, ಇಲ್ಲವೇ ಎಂಎಲ್‌ಎ ಮನೆ ಅಂತಾರೆ. ಜನರಿಗೆ ವಿಳಾಸವೇ ಗೊತ್ತಿಲ್ಲದ ಪ್ರಾಧಿಕಾರ, ಬಾಗಿಲಿಲ್ಲದ ಮನೆ.

ಪಕ್ಕದ ಕೇರಳವನ್ನು ನೋಡೋಣ. ಅಲ್ಲಿ 2011ರ ಪೊಲೀಸ್ ಕಾಯ್ದೆಯಲ್ಲೇ ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಕಾಸರಗೋಡಿನ ನಮ್ಮ ನೆಂಟರಿಷ್ಟರಿಗೆ ಆ ದಾರಿ ಇದೆ. ಆದರೆ ಅಲ್ಲೂ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರಾಗಿ ಕೂರುತ್ತಾರೆ, ಅದು ಒಳ್ಳೆಯ ಪದ್ಧತಿ ಎನ್ನಲಾಗದು. ಉತ್ತರ ಐರ್ಲೆಂಡ್‌ನ ಕಥೆ ಇನ್ನೂ ಸ್ಪಷ್ಟ. ಕೆಥೊಲಿಕರು ಪೊಲೀಸರನ್ನು ದಶಕಗಳ ಕಾಲ ನಂಬದಿದ್ದ ಆ ನಾಡಿನಲ್ಲಿ 2000ದಲ್ಲಿ ಪೊಲೀಸ್ ಒಂಬುಡ್ಸ್‌ಮನ್ ಕಚೇರಿ ತೆರೆಯಿತು. ಪೊಲೀಸರ ಮೇಲಿನ ದೂರನ್ನು ಆ ಕಚೇರಿಯ ಸ್ವಂತ ತನಿಖಾಧಿಕಾರಿಗಳೇ ವಿಚಾರಿಸುತ್ತಾರೆ. ನಂಬಿಕೆ ಕಳೆದುಹೋದ ಕಡೆ ನಂಬಿಕೆ ಕಟ್ಟಲು ಅವರು ಆರಿಸಿಕೊಂಡ ದಾರಿ ಅದು.

'ಇದರಿಂದ ಪೊಲೀಸರ ಧೈರ್ಯ ಕುಂದುತ್ತದೆ, ಸುಳ್ಳು ದೂರುಗಳ ರಾಶಿ ಬೀಳುತ್ತದೆ' ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಮರ ಬಿದ್ದ ರಸ್ತೆಯಲ್ಲಿ ನಡುರಾತ್ರಿ ನಿಂತು ಕೆಲಸ ಮಾಡುವ ಪೇದೆಯನ್ನು ನಾವೂ ನೋಡಿದ್ದೇವೆ. ರಜೆ ಇಲ್ಲದ, ನಿದ್ದೆ ಇಲ್ಲದ ಕೆಲಸ ಅದು. ಆದರೆ ಸುಳ್ಳು ದೂರಿನಿಂದ ಅಂಥ ಪೇದೆಯನ್ನು ಉಳಿಸುವುದೂ ಸ್ವತಂತ್ರ ತನಿಖೆಯೇ. ಇಲಾಖೆಯೇ ವಿಚಾರಣೆ ಮಾಡಿ 'ತಪ್ಪಿಲ್ಲ' ಎಂದರೆ ಯಾರೂ ಒಪ್ಪುವುದಿಲ್ಲ. ಹೊರಗಿನ ನ್ಯಾಯಾಧೀಶರು ದಾಖಲೆ ನೋಡಿ 'ತಪ್ಪಿಲ್ಲ' ಎಂದರೆ ಅದು ಆ ಪೇದೆಗೆ ಸಿಗುವ ಗೌರವ.

ಪ್ರಾಧಿಕಾರ ಬಲಗೊಳ್ಳುವ ತನಕ ಕೈಕಟ್ಟಿ ಕೂರಬೇಕಿಲ್ಲ. ಬೇರೆ ಬಾಗಿಲುಗಳೂ ಇವೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು, ಶುಲ್ಕವಿಲ್ಲ. ಆದರೆ ಘಟನೆ ನಡೆದು ಒಂದು ವರ್ಷದ ಒಳಗೆ ದೂರು ಹೋಗಬೇಕು. 'ಆಮೇಲೆ ನೋಡೋಣ' ಎಂದು ಕುಳಿತವರಿಗೆ ಆ ಬಾಗಿಲು ಮುಚ್ಚುತ್ತದೆ. ಠಾಣೆಯಲ್ಲಿ ಎಫ್‌ಐಆರ್ ಮಾಡದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನೇ ಹೇಳುತ್ತದೆ. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಹೊಡೆದಿದ್ದರೆ ಅದನ್ನು ಹೇಳಬೇಕಾದ ಮೊದಲ ಜಾಗ ವೈದ್ಯರ ಮೇಜು, ಎರಡನೆಯದು ಮ್ಯಾಜಿಸ್ಟ್ರೇಟರ ಎದುರು. ಅಲ್ಲಿ ಹೆದರಿ 'ಏನಿಲ್ಲ ಸ್ವಾಮಿ' ಎಂದುಬಿಟ್ಟರೆ ಮುಂದೆ ಎಷ್ಟು ಕೂಗಿದರೂ ಕಷ್ಟ.

ಇನ್ನೊಂದು ಮುಖ್ಯ ವಿಷಯ ಸಿಸಿ ಕ್ಯಾಮೆರಾ. 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಲಾಕಪ್, ಪಡಸಾಲೆ, ಬಾಗಿಲುಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದಿತು. ಠಾಣೆಯಲ್ಲಿ ಕ್ಯಾಮೆರಾ ಇದೆ ಎಂದು ತಿಳಿಸುವ ದೊಡ್ಡ ಫಲಕವನ್ನು ಸ್ಥಳೀಯ ಭಾಷೆಯಲ್ಲೂ ಹಾಕಬೇಕು ಎಂದಿತು. ಆದ್ದರಿಂದ ದೂರು ಬರೆಯುವ ದಿನವೇ 'ಇಂಥ ದಿನ, ಇಂಥ ಹೊತ್ತಿನ ದೃಶ್ಯ ಅಳಿಸದೆ ಕಾಯ್ದಿಡಿ' ಎಂಬ ಇನ್ನೊಂದು ಅರ್ಜಿಯೂ ಹೋಗಬೇಕು. ಎರಡಕ್ಕೂ ಸ್ವೀಕೃತಿ ಅಥವಾ ರಿಜಿಸ್ಟರ್ಡ್ ಪೋಸ್ಟ್ ರಶೀದಿ ಇಟ್ಟುಕೊಳ್ಳಿ.

ದೂರಿನಲ್ಲಿ ಏನಿರಬೇಕು? ದಿನ, ಹೊತ್ತು, ಠಾಣೆ, ಎದೆಪಟ್ಟಿಯಲ್ಲಿದ್ದ ಹೆಸರು, ವಾಹನದ ನಂಬರ್, ಕಂಡವರು ಯಾರು, ಆಸ್ಪತ್ರೆ ಚೀಟಿ. ಇಷ್ಟೇ. ಒಂದು ಏಟು ಬಿದ್ದಿದ್ದರೆ ಒಂದು ಎಂದೇ ಬರೆಯಿರಿ. ಹತ್ತು ಎಂದು ಬರೆದರೆ ನಿಜವಾದ ಆ ಒಂದೂ ಸುಳ್ಳಾಗುತ್ತದೆ. ಸುಳ್ಳು ಸಾಕ್ಷಿ ನಮ್ಮ ದೀನಿನಲ್ಲೂ ದೊಡ್ಡ ಪಾಪ.

ಇಲ್ಲಿ ನಮ್ಮ ಜಮಾಅತ್‌ಗಳಿಗೂ ಕೆಲಸವಿದೆ. ಹುಡುಗನನ್ನು ಠಾಣೆಗೆ ಒಯ್ದರು ಎಂದ ಕೂಡಲೇ ನಾಲ್ಕು ಜನ ದೊಡ್ಡವರು ಹೋಗಿ 'ಸಾರ್, ಈ ಸಲ ಬಿಟ್ಬಿಡಿ' ಎಂದು ಕೈಮುಗಿದು, ಏನೋ ಕೊಟ್ಟು ಬಿಡಿಸಿಕೊಂಡು ಬರುವುದು ನಮ್ಮಲ್ಲಿ ಉಪಕಾರ ಎನಿಸಿಕೊಂಡಿದೆ. ಅದರಿಂದ ಆ ಹುಡುಗ ಮನೆಗೆ ಬಂದಾನು. ಆದರೆ ಮುಂದಿನ ಹುಡುಗನ ರೇಟ್ ಕೂಡ ಅಲ್ಲೇ ನಿಗದಿಯಾಗುತ್ತದೆ. ಹುಡುಗ ತಪ್ಪು ಮಾಡಿದ್ದರೆ ಕಾನೂನಿನಂತೆ ಕೇಸಾಗಲಿ, ನಾವು ಅಡ್ಡ ಬರುವುದು ಬೇಡ. ತಪ್ಪು ಮಾಡದೆ ಪೆಟ್ಟು ತಿಂದಿದ್ದರೆ ದೂರು ಬರೆಯಲು ಜೊತೆಗೆ ನಿಲ್ಲೋಣ. ಪ್ರತಿ ಮಹಲ್ಲಾದಲ್ಲಿ ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ಇಬ್ಬರು ಓದಿದ ಮಕ್ಕಳು, ಒಂದು ಪುಸ್ತಕ, ತಾಲೂಕು ಕಾನೂನು ಸೇವಾ ಸಮಿತಿಯ ದಾರಿ ಗೊತ್ತಿದ್ದ ಒಬ್ಬರು ಇದ್ದರೆ ಸಾಕು. ಉಚಿತ ಕಾನೂನು ನೆರವಿನ 15100 ನಂಬರ್ ಮಸೀದಿಯ ನೋಟಿಸ್ ಬೋರ್ಡಿನಲ್ಲಿರಲಿ. ಅರ್ಜಿ ಬರೆಸಲು ಬಂದವರು ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದು ಬೇಡ. ನಮ್ಮವರ ದೂರಿಗೆ ಮಾತ್ರ ಎದ್ದು ನಿಂತರೆ ಅದು ಪಕ್ಷಪಾತವಾಗುತ್ತದೆ.

ಸರಕಾರಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ಜಿಲ್ಲಾ ಪ್ರಾಧಿಕಾರದ ವಿಳಾಸ, ಫೋನ್ ನಂಬರ್ ಪ್ರತಿ ಠಾಣೆಯ ಹೊರಗೋಡೆಯಲ್ಲಿ ಕನ್ನಡದಲ್ಲಿ ಕಾಣಬೇಕು. ಅಧ್ಯಕ್ಷ ಸ್ಥಾನದಲ್ಲಿ ನಿವೃತ್ತ ನ್ಯಾಯಾಧೀಶರೇ ಇರಬೇಕು, ಸೇವೆಯಲ್ಲಿರುವ ಯಾವ ಪೊಲೀಸ್ ಅಧಿಕಾರಿಯೂ ತೀರ್ಪಿನ ಮೇಜಿನಲ್ಲಿ ಕೂರಬಾರದು. ಶೃಂಗೇರಿಯಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ. ಹಾಗಾಗಿ ಮೂರು ತಿಂಗಳಿಗೊಮ್ಮೆ ಕೊಪ್ಪದಲ್ಲಿ ಕುಳಿತು ಮೂರೂ ತಾಲೂಕಿನ ದೂರು ಕೇಳಬೇಕು. ದೂರು ಕೊಟ್ಟವನ ಮೇಲೆ ಸೇಡಿನ ಕೇಸು ಬಿದ್ದರೆ ಅದನ್ನೂ ಪ್ರಾಧಿಕಾರವೇ ನೋಡಬೇಕು. ಎಷ್ಟು ದೂರು ಬಂತು, ಎಷ್ಟು ಇತ್ಯರ್ಥವಾಯಿತು, ಎಷ್ಟು ಸುಳ್ಳೆಂದು ಕಂಡಿತು ಎಂಬುದನ್ನು ವರ್ಷಕ್ಕೊಮ್ಮೆ ಊರಿಗೆಲ್ಲ ತಿಳಿಸಬೇಕು.

ಪ್ರಕಾಶ್ ಸಿಂಗ್ ತೀರ್ಪು ಬಂದು ಎರಡು ದಶಕವಾಗುತ್ತಾ ಬಂತು. ಕಾನೂನು ತಾನಾಗಿ ಘಟ್ಟ ಹತ್ತಿ ಬರುವುದಿಲ್ಲ, ಕರೆದು ತರಬೇಕು. ಈ ಮೂರು ತಾಲೂಕಿನಿಂದ ಸತ್ಯವಾದ, ಸರಿಯಾಗಿ ಬರೆದ ಹತ್ತು ದೂರುಗಳು ಹೆಸರು, ಸಹಿ ಸಮೇತ ಪ್ರಾಧಿಕಾರದ ಮೇಜಿನ ಮೇಲೆ ಬಿದ್ದರೆ, ಆ ಮೇಜಿನ ಹಿಂದೆ ಯಾರಾದರೂ ಕುಳಿತುಕೊಳ್ಳಲೇಬೇಕಾಗುತ್ತದೆ.