ವಿಲಾಯತಿ ಹತ್ತಿಯೂ ಜಗತ್ತಿನ ಇತಿಹಾಸವೂ

ಕಳೆದ ದೀಪಾವಳಿಯ ಸೂಟಿಯಲ್ಲಿ ನಡೆದ ಮಾತಿದು. ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ನಡೆದಿತ್ತು. ನಾನೂ ಒಂದು ಸಾಲು ಹಿಡಿದಿದ್ದೆ. ಬದುವಿನ ಮೇಲೆ ಕುಳಿತಿದ್ದ ನಮ್ಮ ಅಜ್ಜ ಹಳೆಯ ಕಾಲದ ಜವಾರಿ ಹತ್ತಿ, ವಿಲಾಯತಿ ಹತ್ತಿಗಳ ಸುದ್ದಿ ಹೇಳುತ್ತಿದ್ದವನು ತಟ್ಟನೆ ನನ್ನ ಕಡೆ ತಿರುಗಿ, “ಅಲ್ಲೋ ತಮ್ಮಾ, ನೀ ಜಗತ್ತಿನ ಇತಿಹಾಸ ಓದಾಂವ. ವಿಲಾಯತಿ ಅಂದ್ರ ಇಂಗ್ಲಂಡ ಹೌದಿಲ್ಲೊ? ಅಲ್ಲಿ ಥಂಡಿ ಭಾಳ ಅಂತಾರ. ಆ ಥಂಡ್ಯಾಗ ಹತ್ತಿ ಹೆಂಗ ಬೆಳೀತಿದ್ರು?” ಎಂದು ಕೇಳಿದ.

ನನಗೆ ಉತ್ತರ ಬರಲಿಲ್ಲ. ಅಮೇರಿಕೆಯ ಅಂತರ್ಯುದ್ಧದ ಕಾರಣಗಳನ್ನು ಕೇಳಿದ ಹತ್ತು ಅಂಕದ ಪ್ರಶ್ನೆಗೆ ಏಳು ಕಾರಣ ಬರೆದು ಎಂಟು ಅಂಕ ಪಡೆದವನು ನಾನು. ಅಜ್ಜನಿಗೆ ಬೇಕಾದ ಉತ್ತರ ಆ ಪಾಠದ ಮಗ್ಗುಲಲ್ಲೇ ಇತ್ತೆಂಬುದು, ಕಾಲೇಜಿಗೆ ಮರಳಿ ಗ್ರಂಥಾಲಯದಲ್ಲಿ ಎರಡು ಸಂಜೆ ಕಳೆದ ಮೇಲೆ ತಿಳಿಯಿತು.

ಇಂಗ್ಲಂಡದಲ್ಲಿ ಹತ್ತಿ ಬೆಳೆಯುವುದಿಲ್ಲ. ಲ್ಯಾಂಕಶಾಯರದ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಅಮೇರಿಕೆಯ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಆ ಯಂತ್ರಗಳಿಗೆ ಬೇಕಾದದ್ದು ಉದ್ದ ಎಳೆ. ಆದುದರಿಂದ ಈಸ್ಟ್ ಇಂಡಿಯಾ ಕಂಪನಿಯ ಸರಕಾರವು 1840ರ ದಶಕದಲ್ಲಿ ಅಮೇರಿಕೆಯ ನ್ಯೂ ಆರ್ಲಿಯನ್ಸ್ ಬೀಜವನ್ನು ತರಿಸಿ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿತ್ತಿಸಿತು. ಅದೇ ನಮ್ಮವರ ಬಾಯಲ್ಲಿ ವಿಲಾಯತಿ ಹತ್ತಿಯಾಯಿತು. 1861ರಲ್ಲಿ ಅಂತರ್ಯುದ್ಧ ಆರಂಭವಾಗಿ, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ತಡೆಗಟ್ಟಿತು. ಲ್ಯಾಂಕಶಾಯರದ ಗಿರಣಿಗಳು ನಿಂತು ಕೂಲಿಕಾರರು ಉಪವಾಸ ಬಿದ್ದರು. ಇತ್ತ ಮುಂಬಯಿಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿ, ಧಾರವಾಡದ ಕಡೆಯ ರೈತರ ಕೈಯಲ್ಲಿ ಹಣ ಆಡಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದಿತು, ಮುಂಬಯಿಯ ಷೇರು ಪೇಟೆಯೂ ಕುಸಿಯಿತು.

ಇವುಗಳಲ್ಲಿ ಅನೇಕ ಸಂಗತಿಗಳು ನಮ್ಮ ಪಾಠಗಳಲ್ಲಿ ಇದ್ದೇ ಇದ್ದವು. ಔದ್ಯೋಗಿಕ ಕ್ರಾಂತಿ ಒಂದು ಅಧ್ಯಾಯ, ಅಂತರ್ಯುದ್ಧ ಮತ್ತೊಂದು, ಕಂಪನಿಯ ಆಳಿಕೆ ಬೇರೊಂದು ಪತ್ರಿಕೆ. ನಡುವಿನ ಗೋಡೆಗಳು ಮಾತ್ರ ನಿಂತೇ ಇದ್ದವು. ಈಜಿಪ್ಟದಲ್ಲಿ ಬಸ್ಸೇರಿ ವಿಶ್ವಸಂಸ್ಥೆಯ ನಿಲ್ದಾಣದಲ್ಲಿ ಇಳಿಯುವ ತನಕ ಕಿಟಕಿಯಾಚೆ ನಮಗೆ ಕಂಡದ್ದು ಊರುಗಳ ಹೆಸರಿನ ಹಲಗೆಗಳಷ್ಟೆ. ಇದನ್ನು ನಮ್ಮ ಗುರುಗಳ ಮೇಲಿನ ದೂರೆಂದು ಯಾರೂ ಭಾವಿಸಬಾರದು. ಐದು ಸಾವಿರ ವರ್ಷಗಳನ್ನು ಕೆಲವೇ ತಿಂಗಳಲ್ಲಿ ಮುಗಿಸಬೇಕೆಂದರೆ ಓಡದೆ ಗತಿಯಿಲ್ಲ. ತಪ್ಪಿರುವುದು ಪಾಠಕ್ರಮದ ಕಟ್ಟಡದಲ್ಲಿ.

ಹಾಗಾದರೆ ಹೇಗೆ ಕಟ್ಟಬೇಕು? ಪಂಡಿತ ನೆಹರೂ ಅವರು 1930ರಿಂದ 1933ರ ವರೆಗೆ ಸೆರೆಮನೆಯಿಂದ ಮಗಳಿಗೆ ಬರೆದ ಜಗತ್ತಿನ ಇತಿಹಾಸದ ಪತ್ರಗಳಲ್ಲಿ, ಒಂದು ದೇಶದ ಕಥೆ ಹೇಳುವಾಗ ಅದೇ ಕಾಲಕ್ಕೆ ಮಿಕ್ಕ ದೇಶಗಳಲ್ಲಿ ಏನು ನಡೆದಿತ್ತೆಂಬುದರ ಕಡೆಗೂ ದೃಷ್ಟಿ ಹರಿಸಿದರು. ಆ ದೃಷ್ಟಿಯೇ ನಮಗೂ ಬೇಕು. ಹದಿನಾರು ವಾರಗಳ ಒಂದು ಪಾಠಕ್ರಮವನ್ನು, ನನ್ನ ಅಲ್ಪಮತಿಗೆ ತೋರಿದಂತೆ, ಇಲ್ಲಿ ನಿವೇದಿಸುತ್ತೇನೆ.

ಮೊದಲ ಎರಡು ವಾರ ಕಾಲದ ಹಂದರ. ಇಪ್ಪತ್ತೈದು ಇಸವಿಗಳನ್ನು ತರಗತಿಯ ಗೋಡೆಗೆ ಬರೆದು ಹಚ್ಚಿ, ವರ್ಷವಿಡೀ ಅಲ್ಲೇ ಇಡುವುದು. ಆಮೇಲೆ ಮೂರು ಮೂರು ವಾರಗಳಂತೆ ನಾಲ್ಕು ಎಳೆಗಳು. ಒಂದು ಹತ್ತಿ: ಸಿಂಧೂ ಬಯಲಿನಿಂದ ಹೊರಟು, ನಮ್ಮ ಬಣ್ಣದ ಅರಿವೆಯನ್ನು ತೊಡಕೂಡದೆಂದು ಇಂಗ್ಲಂಡ 1721ರಲ್ಲಿ ಮಾಡಿದ ಕಾಯಿದೆಯನ್ನು ಹಾದು, 1931ರಲ್ಲಿ ಗಾಂಧೀಜಿ ಲ್ಯಾಂಕಶಾಯರದ ಕೂಲಿಕಾರರನ್ನು ಕಂಡ ತನಕ. ಎರಡನೆಯದು ಕಾಗದ: ಚೀನದಲ್ಲಿ ಹುಟ್ಟಿ, ಅರಬರ ಕೈದಾಟಿ, ಯುರೋಪಿನಲ್ಲಿ ಅಚ್ಚಿನ ಮೊಳೆಗೆ ಸಿಕ್ಕಿ, 1556ರಲ್ಲಿ ಗೋವೆಯ ಮುದ್ರಣಯಂತ್ರಕ್ಕೂ 1843ರಲ್ಲಿ ‘ಮಂಗಳೂರು ಸಮಾಚಾರ’ಕ್ಕೂ ಬಂದ ಬಗೆ. ಮೂರನೆಯದು ಕುದುರೆ: ಮಧ್ಯ ಏಷ್ಯದ ಹುಲ್ಲುಗಾವಲು, ಮಂಗೋಲರ ದಂಡು, ಕಡಲು ದಾಟಿ ವಿಜಯನಗರದ ಲಾಯ ಸೇರಿದ ಅರಬ್ಬಿ ಕುದುರೆ. ನಾಲ್ಕನೆಯದು ಪ್ಲೇಗು: 1347ರಲ್ಲಿ ಯುರೋಪಿಗೆ ಬಡಿದದ್ದು, 1896ರಲ್ಲಿ ಮುಂಬಯಿಗೆ, 1898ರಲ್ಲಿ ನಮ್ಮ ಹುಬ್ಬಳ್ಳಿಗೂ ಬೆಂಗಳೂರಿಗೂ ಬಂದದ್ದು.

ಉಳಿದ ಎರಡು ವಾರ ನಮ್ಮ ಹೊಸ್ತಿಲಿಗೆ ತಾಗದ ಸಂಗತಿಗೆ ಮೀಸಲಾಗಿರಲಿ. ಎಲ್ಲವನ್ನೂ ನಮ್ಮೂರಿನಿಂದಲೇ ನೋಡುತ್ತ ಹೋದರೆ ನಮ್ಮೂರೇ ಜಗತ್ತಿನ ನಡುಗಂಬವೆಂಬ ಭ್ರಮೆ ಹುಟ್ಟೀತು. ಉದಾಹರಣೆಗೆ ಹೈಟಿ. ಫ್ರಾನ್ಸಿನ ಮಹಾಕ್ರಾಂತಿಯನ್ನು ನಾವು ಬಾಯಿಪಾಠ ಮಾಡಿದೆವು; ಫ್ರೆಂಚರದೇ ವಸಾಹತಾಗಿದ್ದ ಆ ದ್ವೀಪದ ಗುಲಾಮರು 1791ರಲ್ಲಿ ದಂಗೆಯೆದ್ದು, ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ, 1804ರಲ್ಲಿ ಸ್ವತಂತ್ರರಾದದ್ದನ್ನು ಓದಲಿಲ್ಲ. ಸ್ವಾತಂತ್ರ್ಯ, ಸಮಾನತೆ ಎಂಬ ಮಾತುಗಳನ್ನು ಪೂರ್ತಿಯಾಗಿ ನಂಬಿದವರು ಯಾರೆಂಬುದು ಅಲ್ಲಿ ತಿಳಿಯುತ್ತದೆ.

ಪಾಠ ಬದಲಾಗಿ ಪರೀಕ್ಷೆ ಬದಲಾಗದಿದ್ದರೆ ಗೈಡುಗಳೇ ಗೆಲ್ಲುತ್ತವೆ. ಅರ್ಧ ಅಂಕಗಳಿಗಾದರೂ, ಮೂಲ ಬರಹದ ಒಂದು ತುಣುಕನ್ನು ಕನ್ನಡದಲ್ಲಿ ಕೊಟ್ಟು ಪ್ರಶ್ನಿಸಬೇಕು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪಾಯೆಸ್ ಯಾರಿಗಾಗಿ ಬರೆದ? ಯಾವುದನ್ನು ಕಣ್ಣಾರೆ ಕಂಡ, ಯಾವುದನ್ನು ಕೇಳಿ ಬರೆದ? ಇಂಥ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿರದು. ಆಂತರಿಕ ಅಂಕಗಳಿಗಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಹಿರಿಯರನ್ನು ಕೇಳಿ, ಮನೆಯ ಒಂದು ವಸ್ತುವಿನ ಹಿಂದಿನ ದಾರಿಯನ್ನು ಹುಡುಕಿ ಬರೆಯಲಿ.

“ಸ್ಪರ್ಧಾ ಪರೀಕ್ಷೆಗೆ ಕೂಡುವವರಿಗೆ ಎಲ್ಲ ವಿಷಯವೂ ಬೇಕಲ್ಲ?” ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಮಾತು. ನಮ್ಮಂಥವರ ಮನೆಯಲ್ಲಿ ನೌಕರಿಯ ಚಿಂತೆ ಸಣ್ಣದಲ್ಲ. ಆದರೆ ನಾನು ಬರೆದ ಆ ಏಳು ಕಾರಣಗಳಲ್ಲಿ ಐದು ಇಂದು ನೆನಪಿಲ್ಲ; ಹತ್ತಿಯ ಕಥೆಯ ಒಂದು ಇಸವಿಯೂ ಮರೆತಿಲ್ಲ. ಎಳೆಯಲ್ಲಿ ಪೋಣಿಸಿದ ಮಣಿ ಚೆದರುವುದಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದು ಹೆಚ್ಚಿದಂತೆ ಮನೆಯವರೊಡನೆ ಮಾತು ಕಡಿಮೆಯಾಗುತ್ತ ಬಂದುದು ನನಗೆ ಗೊತ್ತಾಗಿತ್ತು. ನಾನು ಓದುವ ಜಗತ್ತಿನಲ್ಲಿ ಅವರಿರಲಿಲ್ಲ. ಅವರ ಹೊಲದಲ್ಲಿ ನನ್ನ ಜಗತ್ತು ಇರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜನ ಮುಂದೆ ಕುಳಿತು ಹತ್ತಿಯ ಕಥೆಯನ್ನು ಮೊದಲಿಂದ ಹೇಳಿದೆ. ಎಲ್ಲವನ್ನೂ ಕೇಳಿ ಅವನು, “ಅಮೇರಿಕಾದಾಗ ಆ ಹತ್ತಿ ಬಿಡಸವರಿಗೆ ದಿನಕ್ಕ ಎಷ್ಟು ಕೂಲಿ ಕೊಡತಿದ್ರು?” ಎಂದ.

“ಕೂಲಿ ಇರಲಿಲ್ಲ ಅಜ್ಜಾ. ಆ ಮಂದಿನ್ನ ದುಡ್ಡು ಕೊಟ್ಟು ಕೊಂಡಿದ್ರು. ಯುದ್ಧ ಸುರುವಾದಾಗ ಅಂಥಾವ್ರು ಸುಮಾರು ನಲವತ್ತು ಲಕ್ಷ ಮಂದಿ ಇದ್ರು,” ಎಂದೆ.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಎಂದೂ ಶಾಲೆಗೆ ಹೋಗದ ಅವನು, ಕಾಣದ ದೇಶದ ಕೂಲಿಯಿಲ್ಲದ ಆಳುಗಳಿಗಾಗಿ ಅಂದು ಮರುಗಿದ. ಜಗತ್ತಿನ ಇತಿಹಾಸದಿಂದ ಇದಕ್ಕಿಂತ ಹೆಚ್ಚಿನ ಫಲವನ್ನು ನಾನು ಬಯಸಲಾರೆ. ನಾನಂತೂ ಈ ವರ್ಷ ಕಾಲೇಜು ಬಿಡುವವನು. ಬರುವ ವರ್ಷ ಇದೇ ಬೆಂಚುಗಳ ಮೇಲೆ ಕೂಡುವ ತಮ್ಮ ತಂಗಿಯರಿಗಾದರೂ ಇಂಥ ಪಾಠ ದೊರೆಯಲೆಂದು ಗುರುಹಿರಿಯರಲ್ಲಿ ನನ್ನ ಬಿನ್ನಹ.