ರೋಗಿಗೂ ಒಂದು ಕುರ್ಚಿ ಇರಲಿ

ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಸಂಕಟ ಗಡಿನಾಡ ಕನ್ನಡಿಗರಾದ ನಮಗೆ ಗೊತ್ತು. ಆದ್ದರಿಂದಲೇ ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ನಮಗೆ ಹತ್ತಿರದವರೆನಿಸುತ್ತಾರೆ. 1974ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಬಂತು. ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಕಂಡರೆ ಆಗಲೇ ಸ್ತನವನ್ನೂ ತೆಗೆದುಬಿಡುವುದು ಅಲ್ಲಿ ಆಗಿನ ರೂಢಿ. ವಿಷಯ ತಿಳಿಯುವುದು ಎಚ್ಚರವಾದ ಮೇಲೆ! ಮೊದಲು ಪರೀಕ್ಷೆ ಮಾಡಿ, ಆಮೇಲೆ ರೋಗಿಯನ್ನು ಕೇಳಿ ಎಂದು ಅವರು ಹಟ ಹಿಡಿದರು. 1979ರಲ್ಲಿ ಸರಕಾರ ಕರೆದ ತಜ್ಞರ ಸಮಿತಿಯಲ್ಲಿ ಅವರೂ ಕೂತರು. ಸಮಿತಿಯೂ ಹಾಗೆಯೇ ಹೇಳಿತು. 1995ರಿಂದ ಅಲ್ಲಿನ ರಕ್ಷಣಾ ಇಲಾಖೆಯ ಸ್ತನ ಕ್ಯಾನ್ಸರ್ ಸಂಶೋಧನೆಯ ಹಣ ಯಾವುದಕ್ಕೆಂದು ತೂಗುವಾಗ ವಿಜ್ಞಾನಿಗಳ ಜೊತೆ ಕಾಯಿಲೆ ಅನುಭವಿಸಿದವರೂ ಮತ ಹಾಕುತ್ತ ಬಂದಿದ್ದಾರೆ.

ನಮ್ಮ ಅಕ್ಕ-ತಂಗಿಯರೂ ಹಾಗೆ ಕೂರಬೇಕಾದರೆ, ಮೊದಲು ಆ ಕಾಗದ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಕೇಳುವ ಧೈರ್ಯ ಆಮೇಲೆ ತಾನಾಗಿ ಬರುತ್ತದೆ.