ಯಾವ ಪೇಪರ್ ಮಿಸ್?

ಊರಿಗೆ ಹೋದಾಗೆಲ್ಲ ಒಂದು ಪ್ರಶ್ನೆ ಗ್ಯಾರಂಟಿ. "ಅಲ್ಲೆ ಸಾಲಿ ಹೆಂಗಿರತಾವ ತಂಗಿ?"

ನಮ್ಮೂರು ಶಿರಗುಪ್ಪಿ. ಹುಬ್ಬಳ್ಳಿಯಿಂದ ಗದಗ ಕಡೆ ಹೊರಟರೆ ಸಿಗುವ, ಮಳೆ ಬಂತಂದ್ರೆ ಕಾಲಿಗೆ ಸೇರುಗಟ್ಟಲೆ ಎರೆಮಣ್ಣು ಮೆತ್ತಿಕೊಳ್ಳುವ ಊರು. ಕಟ್ಟೆ ಮೇಲೆ ಕೂತ ದೊಡ್ಡವರಿಗೆ ನಾನು ಮೊದಮೊದಲು ಅವರಿಗೆ ಬೇಕಾದ ಉತ್ತರವನ್ನೇ ಕೊಡುತ್ತಿದ್ದೆ. ಹಸಿರು ಆಟದ ಬಯಲು, ಗೋಡೆ ತುಂಬ ಚಿತ್ರ, ಪ್ರತಿ ಕ್ಲಾಸಿಗೂ ಪ್ರೊಜೆಕ್ಟರು... ಅವರೂ ಖುಷಿ, ನಾನೂ ಖುಷಿ. ಆದರೆ ನಿಜ ಹೇಳಬೇಕಂದ್ರೆ ನನಗೆ ಮೊದಲು ಕಂಡಿದ್ದು ಅದ್ಯಾವುದೂ ಅಲ್ಲ. ಮೊದಲು ಕಂಡಿದ್ದು, ನನಗೆ ಇಂಗ್ಲಿಷ್ ಬರೋದಿಲ್ಲ ಅನ್ನೋದು :)

ಸ್ವಲ್ಪ ಹಿಂದಿನ ಕತೆ ಹೇಳಿಬಿಡ್ತೀನಿ. 2004ರಲ್ಲಿ ನನ್ನ ಬಿ.ಎಡ್. ಮುಗಿಯಿತು. ಆಗಿನ್ನೂ ಅದು ಒಂದೇ ವರ್ಷದ ಕೋರ್ಸು. ಕೆಲವು ವರ್ಷ ವಿಜ್ಞಾನ ಕಲಿಸಿದೆ, ಮದುವೆ, ಮಗು, ಆಮೇಲೆ ಯಜಮಾನರ ಕೆಲಸದ ದೆಸೆಯಿಂದ ಇಂಗ್ಲೆಂಡಿನ ಲೆಸ್ಟರ್. ಅಲ್ಲಿ ನಮ್ಮ ಬಿ.ಎಡ್.ಗೆ ಪೂರ್ಣ ಶಿಕ್ಷಕಿಯ ಮಾನ್ಯತೆ ಆಗ ನೇರವಾಗಿ ಸಿಗುತ್ತಿರಲಿಲ್ಲ. (2023ರ ಫೆಬ್ರವರಿಯಿಂದ ಭಾರತದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಅರ್ಜಿ ಹಾಕಿ ಪಡೆಯಬಹುದು. ನನಗೆ ಏಳು ವರ್ಷ ತಡ!) ಹಾಗಾಗಿ 2016ರ ಸೆಪ್ಟೆಂಬರಿನಲ್ಲಿ ಪಿಜಿಸಿಇ ಅನ್ನುವ ಅಲ್ಲಿನ ತರಬೇತಿಗೆ ಸೇರಿ ಮತ್ತೊಮ್ಮೆ ಸ್ಟೂಡೆಂಟ್ ಟೀಚರ್ ಆದೆ. ಕಮ್ಮಿಯೆಂದರೆ ಎರಡು ಶಾಲೆ, ಒಟ್ಟು 120 ದಿನ ಶಾಲೆಯೊಳಗೇ ಇರಬೇಕು.

ಊರಿನ ಹೆಸರಿನಿಂದಲೇ ನನ್ನ ಮರ್ಯಾದೆ ಹೋಗೋಕೆ ಶುರು. ಬರೆಯೋದು ನೋಡಿದರೆ 'ಲೈಸೆಸ್ಟರ್', ಅನ್ನೋದು 'ಲೆಸ್ಟರ್'. ಮೊದಲ ದಿನ ಬಸ್ ಹತ್ತಿದಾಗ ಡ್ರೈವರ್ "ಮಿ ಡಕ್" ಅಂದ. ನಾನ್ಯಾಕೆ ಬಾತುಕೋಳಿ ಅಂತ ಬಹಳ ಹೊತ್ತು ಯೋಚಿಸಿದೆ. ನಮ್ಮಲ್ಲಿ 'ಯವ್ವಾ', 'ತಂಗಿ' ಅಂದ ಹಾಗೆ ಆ ಸೀಮೆಯಲ್ಲಿ ಅದು ಪ್ರೀತಿಯ ಮಾತು ಅಂತ ಆಮೇಲೆ ತಿಳೀತು. ದುಂಡನೆ ಬ್ರೆಡ್ಡಿಗೆ 'ಕಾಬ್' ಅನ್ನುತ್ತಾರೆ. ಅನೇಕರಿಗೆ ಮಧ್ಯಾಹ್ನದ ಊಟ 'ಡಿನ್ನರ್', ರಾತ್ರಿಯದು 'ಟೀ'. ನೆರೆಮನೆಯಾಕೆ ಟೀಗೆ ಬಾ ಅಂದಳಂತ ಮನೆಯಲ್ಲಿ ಗಡದ್ದಾಗಿ ಉಂಡು ಹೋಗಿ ಕೂತರೆ, ಎದುರಿಗೆ ಪೂರ್ತಿ ಊಟ! ಇನ್ನು "ಆಲ್ ರೈಟ್?" ಅಂತ ಕೇಳಿದವರಿಗೆಲ್ಲ ನಾನು ನಿಂತು ನನ್ನ ನೆಗಡಿ, ಮಗನ ಕೆಮ್ಮು ಎಲ್ಲ ವಿವರಿಸುತ್ತಿದ್ದೆ. ಅವರು ಉತ್ತರಕ್ಕೆ ಕಾಯದೇ ಆಗಲೇ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಇಡೀ ಶಾಲೆಗೆ ಫಸ್ಟ್ ಬಂದವಳು ನಾನು, ಗೊತ್ತಾ!

ಶಾಲೆಯೊಳಗಿನ ಮಾತು ಇನ್ನೊಂದು ಥರ. ನಮ್ಮ ಕಡೆ ಹೆಣ್ಣು ಶಿಕ್ಷಕಿ ಅಂದ್ರೆ 'ಅಕ್ಕೋರು'. ಅಲ್ಲಿ ಬರೀ 'ಮಿಸ್'. ಮದುವೆಯಾಗಿ ಇಪ್ಪತ್ತು ವರ್ಷವಾದವರೂ ಮಿಸ್ಸೇ. ನಾನು ಒಳಗೆ ಬಂದರೆ ಯಾರೂ ಎದ್ದು ನಿಲ್ಲಲಿಲ್ಲ. ಮೊದಲ ವಾರ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೆ ಅದೇ ಹುಡುಗರು ನನ್ನ ಕೈಯಲ್ಲಿ ಪುಸ್ತಕದ ರಾಶಿ ಕಂಡರೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಿತ್ತು, ಊರೆಲ್ಲ ನೀಲಿ ಅಂಗಿ. ನನಗೆ ಫುಟ್‌ಬಾಲಿನ ಗಂಧವಿಲ್ಲ. ವಾರ್ಡಿ, ಮಹ್ರೆಜ್ ಅಂತ ಎರಡು ಹೆಸರು ಬಾಯಿಪಾಠ ಮಾಡಿಕೊಂಡು ಹೋದೆ, ಅಷ್ಟಕ್ಕೇ ಹಿಂದಿನ ಬೆಂಚು ನನ್ನ ಕಡೆ ತಿರುಗಿತು.

ಊಟದ ವಿಷಯ ಮಾತ್ರ ನನಗೆ ಸರಿಬರಲಿಲ್ಲ. ಇಂಗ್ಲೆಂಡಿನಲ್ಲಿ ಸಣ್ಣ ಕ್ಲಾಸಿನ ಮಕ್ಕಳಿಗೆಲ್ಲ 2014ರಿಂದ ಉಚಿತ ಊಟ ಇದೆ. ಆದರೆ ಹೈಸ್ಕೂಲಿನಲ್ಲಿ ಬಡವರೆಂದು ಅರ್ಜಿ ಹಾಕಿ ಮಂಜೂರಾದವರಿಗಷ್ಟೇ. ನಾನಿದ್ದ ಶಾಲೆಯಲ್ಲಿ ಬೆರಳಚ್ಚು ಒತ್ತಿದರೆ ದುಡ್ಡು ಕಟ್ ಆಗುವ ಮಿಷಿನ್ನು, ಯಾರದು ಉಚಿತ ಯಾರದು ಸ್ವಂತ ಅಂತ ಗೊತ್ತಾಗದಿರಲಿ ಅಂತ. ಒಳ್ಳೆಯ ಉಪಾಯವೇ. ಆದರೂ ಖಾಲಿ ತಟ್ಟೆಯ ಮುಂದೆ "ನಂಗೆ ಹಸಿವಿಲ್ಲ ಮಿಸ್" ಅಂತ ಕೂತ ಹುಡುಗಿಯರನ್ನು ನೋಡಿದ್ದೀನಿ. 2001ರಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿತು, ಮರುವರ್ಷ ನಮ್ಮಲ್ಲಿ ಅಕ್ಷರ ದಾಸೋಹ ಶುರುವಾಯಿತು. ಸರಕಾರಿ ಸಾಲಿಯಲ್ಲಿ ಸಾಲಾಗಿ ಕೂತು ಎಲ್ಲರೂ ಅದೇ ಅನ್ನ ಸಾರು ಉಣ್ಣೋದರಲ್ಲಿ ಎಂಥ ದೊಡ್ಡ ವಿಷಯ ಇದೆ ಅಂತ ನನಗೆ ಹೊಳೆದದ್ದು ಲೆಸ್ಟರಿನಲ್ಲಿ. ಇರಲಿ, ಅದು ಬೇರೆಯೇ ಬ್ಲಾಗು ಬರೆಯುವಷ್ಟಿದೆ.

ಈಗ ಪೇಪರ್ ಕತೆ. ಏಳನೇ ಇಯರಿನ ಮಕ್ಕಳಿಗೆ ನೀರು ಆವಿಯಾಗೋದರ ಪಾಠ. ಹಿಂದೆ ನನ್ನ ಮೆಂಟರ್ ಕೂತಿದ್ದಾರೆ. 'ವಾಟರ್ ವೇಪರ್' ಅಂತ ನಾನು ನಾಲ್ಕೈದು ಸಲ ಹೇಳಿದ್ದೆ. ನಮಗೆ ಇರೋದು ಒಂದೇ 'ವ' ತಾನೆ? ಇಂಗ್ಲಿಷಿನವರಿಗೆ ಎರಡು, ಒಂದಕ್ಕೆ ಹಲ್ಲು ತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ಒಬ್ಬ ಹುಡುಗ ಪಾಪ ಬಹಳ ಗಂಭೀರವಾಗಿ ಕೈ ಎತ್ತಿ "ಯಾವ ಪೇಪರ್ ಮಿಸ್?" ಅಂದ. ಇಡೀ ಕ್ಲಾಸು ಗೊಳ್ಳೆಂದಿತು. ನಾನು ಮತ್ತೆ ಹೇಳಿದೆ, ಮತ್ತೆ ನಕ್ಕರು. ಮೂರನೇ ಸಲ ಹೇಳುವ ಧೈರ್ಯ ಆಗಲಿಲ್ಲ. ಉಳಿದ ಇಪ್ಪತ್ತು ನಿಮಿಷ ಆ ಪದ ಬಾರದ ಹಾಗೆ ಪಾಠ ಮಾಡಿದೆ. ಆವಿ ಅನ್ನೋ ಪದ ಇಲ್ಲದೆ ಆವಿಯಾಗೋದನ್ನು ಹೇಗೆ ಕಲಿಸಿದೆನೋ ದೇವರಿಗೇ ಗೊತ್ತು.

ಪಾಠವಾದ ಮೇಲೆ ಮೆಂಟರ್ ಬರೆದುಕೊಟ್ಟ ಚೀಟಿಯಲ್ಲಿ ನನ್ನ ಉಚ್ಚಾರದ ಮಾತೇ ಇರಲಿಲ್ಲ. "ಹೊಸ ಪದವನ್ನು ಹೇಳುವ ಮೊದಲು ಬೋರ್ಡಿನ ಮೇಲೆ ಬರೆ, ಮಕ್ಕಳ ಕೈಲಿ ಹೇಳಿಸು" ಅಂತಷ್ಟೇ ಇತ್ತು. ನಾನೇ ತಡೆಯಲಾರದೆ ನನ್ನ ಇಂಗ್ಲಿಷಿನ ಬಗ್ಗೆ ಕೇಳಿದೆ. ಅವರು ಉತ್ತರದ ನ್ಯೂಕಾಸಲ್ ಕಡೆಯವರು. "ನಾನು ಇಲ್ಲಿಗೆ ಬಂದಾಗ ಒಂದು ತಿಂಗಳು ನನ್ನ ಮಾತೂ ಯಾರಿಗೂ ತಿಳೀಲಿಲ್ಲ" ಅಂತ ನಕ್ಕರು. ಮರುದಿನ ಪದ ಬೋರ್ಡಿನ ಮೇಲಿತ್ತು, ಯಾರೂ ಪೇಪರ್ ಕೇಳಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಗಿಸಿಕೊಂಡಿದ್ದಕ್ಕಲ್ಲ. 2004ರ ಒಂದು ಹುಡುಗಿ ನೆನಪಾಗಿದ್ದಳು.

ಬಿ.ಎಡ್.ನ ಪ್ರಾಕ್ಟೀಸ್ ಟೀಚಿಂಗ್, ಹುಬ್ಬಳ್ಳಿ ಸಮೀಪದ ಒಂದು ಶಾಲೆ, ಎಂಟನೇ ಕ್ಲಾಸು. ಉಪ್ಪು ನೀರಿನಲ್ಲಿ ಏನಾಗುತ್ತದೆ ಅಂತ ಕೇಳಿದೆ. ಎರಡನೇ ಬೆಂಚಿನ ಹುಡುಗಿ ಎದ್ದು "ಕರಗತೈತ್ರಿ" ಅಂದಳು. ಸರಿ ಉತ್ತರ. ಆದರೆ ಹಿಂದೆ ಅಬ್ಸರ್ವರ್ ಕೂತಿದ್ದರಲ್ಲ... "ಕರಗತೈತ್ರಿ ಅಲ್ಲ, ಕರಗುತ್ತದೆ ಅನ್ನು" ಅಂದೆ. ಮತ್ತೆ "ಕರಗತೈತ್ರಿ" ಅಂದಳು. ಮತ್ತೆ ತಿದ್ದಿದೆ. ಕ್ಲಾಸು ನಕ್ಕಿತು. ಮೂರನೇ ಸಲ ಆಕೆ ಬಾಯಿ ತೆರೆಯಲಿಲ್ಲ, ಸುಮ್ಮನೆ ಕೂತಳು. ನಾನು ಆ ಶಾಲೆಯಲ್ಲಿ ಇದ್ದಷ್ಟು ದಿನವೂ ಮತ್ತೆ ಕೈ ಎತ್ತಲಿಲ್ಲ. ನನ್ನ ಲೆಸನ್ ಪ್ಲಾನ್ ಪುಸ್ತಕದಲ್ಲಿ ಮಾತ್ರ ಕೆಂಪು ಇಂಕಿನಲ್ಲಿ ಬಂತು: "ಭಾಷೆ ಶುದ್ಧವಾಗಿದೆ." ನಾನು ಮನೆಗೆ ಬಂದು ಅವ್ವನಿಗೆ ಅದನ್ನು ತೋರಿಸಿದ್ದೂ ನೆನಪಿದೆ. ಮನೆಯಲ್ಲಿ ನಾವೆಲ್ಲ ಆಡೋದು 'ಕರಗತೈತಿ' ಅಂತಲೇ!

ನನಗೆ ಹನ್ನೆರಡು ವರ್ಷ ಬೇಕಾಯಿತು, ವಿಮಾನ ಹತ್ತಿ ಹೋಗಿ ನಗಿಸಿಕೊಳ್ಳಬೇಕಾಯಿತು, ಆಕೆಗೆ ಹೇಗೆ ಅನ್ನಿಸಿರಬಹುದು ಅಂತ ತಿಳಿಯೋಕೆ.

ಇಂಗ್ಲೆಂಡೇ ಸ್ವರ್ಗ ಅಂತ ನಾನು ಹೇಳೋಕೆ ಹೊರಟಿಲ್ಲ. ಅಲ್ಲಿನ ಕಾಗದಪತ್ರದ ಕೆಲಸ ಮನುಷ್ಯರನ್ನು ಅರೆದು ಹಾಕುತ್ತದೆ. ಕೆಲಸಕ್ಕೆ ಸೇರಿದ ಐದು ವರ್ಷದೊಳಗೆ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಸರಕಾರಿ ಶಾಲೆ ಬಿಟ್ಟು ಹೋಗುತ್ತಾರೆ. ಆದರೆ ಒಂದು ವಿಷಯ ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಆ ದೇಶದ ಶಾಲೆಗಳಲ್ಲಿ ಸುಮಾರು ಐವರಲ್ಲಿ ಒಂದು ಮಗುವಿನ ಮನೆಮಾತು ಇಂಗ್ಲಿಷ್ ಅಲ್ಲ, ನನ್ನ ಕ್ಲಾಸಿನಲ್ಲಂತೂ ಗುಜರಾತಿ, ಪೋಲಿಷ್, ಸೊಮಾಲಿ ಎಲ್ಲ ಇತ್ತು. ಹಾಗಾಗಿ ಮಗು ತಪ್ಪು ಮಾತಾಡಿತು ಅಂದಕೂಡಲೇ ಮಗುವಿಗೆ ವಿಷಯ ಗೊತ್ತಿಲ್ಲ ಅಂತ ತಿಳಿಯಬಾರದು ಅನ್ನೋದನ್ನು ತರಬೇತಿಯ ಶುರುವಿನಲ್ಲೇ ಹೇಳಿಕೊಡುತ್ತಾರೆ. ನಮಗೆ ಯಾರೂ ಹೇಳಿರಲಿಲ್ಲ.

ಈಗ ನನ್ನ ಅಭಿಪ್ರಾಯ, ಬೈಯುವವರು ಬೈಯಿರಿ. 2015ರಿಂದ ನಮ್ಮ ಬಿ.ಎಡ್. ಎರಡು ವರ್ಷದ್ದಾಯಿತು, ಎನ್‌ಸಿಟಿಇ ನಿಯಮದ ಪ್ರಕಾರ ಎರಡನೇ ವರ್ಷ 16 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ನಾನು ಕಂಡ ಮಟ್ಟಿಗೆ ಎಲ್ಲರೂ ಅದನ್ನು ಬಸ್ಸಿಗೆ ಅನುಕೂಲವಾದ ಶಾಲೆಯಲ್ಲಿ ಮುಗಿಸುತ್ತಾರೆ. ಅದರಲ್ಲಿ ಎರಡು ವಾರವಾದರೂ ತಮ್ಮ ಮಾತು ನಡೆಯದ ಕಡೆ ಕಳಿಸಬೇಕು. ಫಾರಿನ್ನೇ ಆಗಬೇಕಂತಿಲ್ಲ. ಗದಗ ಜಿಲ್ಲೆಯ ತಾಂಡಾಗಳಿವೆ, ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ, ಬಾಗಿಲು ದಾಟಿದರೆ ಮರಾಠಿ. ಕಾಸರಗೋಡಿನಲ್ಲಂತೂ ತುಳು, ಮಲಯಾಳ, ಕೊಂಕಣಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಓದುತ್ತಾರೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ಅಲ್ಲಿನ ಮಕ್ಕಳು, ತಂದೆತಾಯಿಗಳು ಪ್ರತಿಭಟನೆಗೆ ಇಳಿದಿದ್ದೂ ಉಂಟು. ಮಾತು ತಿಳಿಯದ ಮಾಸ್ತರ ಅಂದರೆ ಏನು ಅಂತ ಅವರನ್ನು ಕೇಳಬೇಕು. ನಮ್ಮ ಧಾರವಾಡದವರಿಗಂತೂ ಇದು ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಸರಕಾರಿ ಶಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದಾಗ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದದ್ದು ಇದೇ ಕಾರಣಕ್ಕೆ ಅಲ್ಲವಾ? ಅಂಥ ಊರಿನಲ್ಲಿ ತರಬೇತಿಯಾದ ನಾನು, ಕನ್ನಡದ ಹುಡುಗಿಯನ್ನು ಕನ್ನಡದಲ್ಲೇ ಬಾಯಿ ಮುಚ್ಚಿಸಿದೆ.

ಹಾಗಾದ್ರೆ ಪುಸ್ತಕದ ಕನ್ನಡ ಕಲಿಸೋದು ಬೇಡವಾ ಅಂತ ಕೇಳಬಹುದು. ಬೇಕೇ ಬೇಕು. ಪರೀಕ್ಷೆಯಲ್ಲಿ 'ಕರಗತೈತಿ' ಅಂತ ಬರೆದರೆ ಮಾರ್ಕ್ಸ್ ಕೊಡೋರು ಯಾರು? ಆದರೆ ಆ ಹುಡುಗಿ ಉತ್ತರ ಹೇಳಿದಾಗ ಮೊದಲು "ಹೌದು, ಸರಿ ಐತಿ" ಅನ್ನಬಹುದಿತ್ತು. ಆಮೇಲೆ ಬೋರ್ಡಿನ ಮೇಲೆ 'ಕರಗುತ್ತದೆ' ಅಂತ ಬರೆದು ಮುಂದಕ್ಕೆ ಹೋಗಬಹುದಿತ್ತು. ಹತ್ತು ಸೆಕೆಂಡಿನ ಕೆಲಸ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ಮಗಳು ಸಿಕ್ಕಿದ್ದಳು, ಆಕೆಯೂ ಈಗ ಬಿ.ಎಡ್. ಇಂಟರ್ನ್‌ಶಿಪ್ಪಿನ ಪುಸ್ತಕ ತೋರಿಸಿದಳು. ಚಂದದ ಅಕ್ಷರ, ಚಂದದ ಚಿತ್ರ. ಒಂದು ಪುಟದಲ್ಲಿ ಅದೇ ಕೆಂಪು ಇಂಕು, ಹೆಚ್ಚುಕಮ್ಮಿ ಅದೇ ಮಾತು. ನಾನು ಈ ಕತೆಯೆಲ್ಲ ಹೇಳಿ, "ಹುಡುಗರು ಐತಿ ಅಂದ್ರ ಅನ್ಲಿ ಬಿಡು, ನೀ ಬೋರ್ಡ್ ಮ್ಯಾಲೆ ಬರದು ಮುಂದಕ ಹೋಗು" ಅಂದೆ.

ಅಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಖರೇನ ಅಕ್ಕಾ, ಆದ್ರ ಅಬ್ಸರ್ವರ್ ಹಿಂದ ಕುಂತಿರತಾರಲಾ, ನನ್ನ ಮಾರ್ಕ್ಸ್ ಕಟ್ ಮಾಡಿದ್ರ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರಾದರೂ ಬಿ.ಎಡ್. ಕಾಲೇಜಿನಲ್ಲಿ ಕಲಿಸುವವರಿದ್ದರೆ, ಆಕೆಗೆ ಏನು ಹೇಳಲಿ, ತಿಳಿಸ್ತೀರಾ?